ದುಬಾರಿ ಚೀಸನ್ನು ಮನೆಖರ್ಚಿನ ಮಿತಿಯೊಳಗೆ ಸವಿಯುವ ಕ್ರಮ

ಮಂಗಳೂರಿನ ಸೂಪರ್ ಮಾರ್ಕೆಟ್ಟಿನಿಂದ ತಂದ ಗೌಡಾ, ಬ್ರೀ ಅಥವಾ ಪಾರ್ಮೆಸನ್ ಚೀಸ್ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳನ್ನು ತಲುಪಿದ ಮೇಲೆ ಬಹುಪಾಲು ಒಂದೇ ದಾರಿ ಹಿಡಿಯುತ್ತದೆ. ಮೊದಲ ದಿನ ಎಲ್ಲರೂ ಒಂದೊಂದು ಚೂರು ತಿನ್ನುತ್ತಾರೆ, ಮರುದಿನ ಒಂದಿಷ್ಟು ದೋಸೆಯ ಮೇಲೆ ಕರಗುತ್ತದೆ, ಕೆಲವು ದಿನ ಕಳೆದ ಮೇಲೆ ಫ್ರಿಜ್ಜಿನ ಬಾಗಿಲ ಕಪಾಟಿನಲ್ಲಿ ಬೂಷ್ಟು ಹಿಡಿದ ಅರ್ಧ ತುಂಡು ಸಿಗುತ್ತದೆ. ಇದು ನಮ್ಮಂಥವರ ಮನೆಗೆ ಹೇಳಿದ ವಸ್ತುವಲ್ಲ ಎಂಬ ತೀರ್ಮಾನ ಅಲ್ಲಿಗೆ ಗಟ್ಟಿಯಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಹಣ ಪೋಲಾಗುವುದು ಅಂಗಡಿಯಲ್ಲಿ ಕೊಟ್ಟ ಬೆಲೆಯಿಂದಲ್ಲ, ಕೊಂಡ ನಂತರದ ಕೆಲಸಗಳು ಕ್ರಮ ತಪ್ಪುವುದರಿಂದ. ಆ ಕ್ರಮವನ್ನು, ನಮ್ಮ ಕರಾವಳಿಯ ಸೆಕೆ, ಮಳೆಗಾಲದ ತೇವ ಮತ್ತು ಕರೆಂಟು ಹೋಗುವ ವಾಸ್ತವಗಳನ್ನು ಗಮನದಲ್ಲಿಟ್ಟುಕೊಂಡು, ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲು ಒದಗಿಸಿಕೊಳ್ಳಬೇಕಾದ ಸಲಕರಣೆಗಳು

ಚೀಸಿಗೆಂದೇ ಮಾರುವ ಚಾಕು, ಹಲಗೆ, ಗಾಜಿನ ಗುಮ್ಮಟಗಳನ್ನು ಕೊಳ್ಳುವ ಅಗತ್ಯವಿಲ್ಲ. ತೆಳು ಅಲಗಿನ ಒಂದು ಹರಿತವಾದ ಪೀಶಕತ್ತಿ, ಸಣ್ಣ ರಂಧ್ರಗಳ ಒಂದು ತುರಿಯುವ ಪಟ್ಟಿ, ಒಂದು ಸುರುಳಿ ಬಟರ್ ಪೇಪರ್, ಮುಚ್ಚಳ ಬಿಗಿಯಾಗಿ ಕೂರುವ ಎರಡು ಡಬ್ಬಿ, ಗ್ರಾಮಿನ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿ ಮತ್ತು ಒಂದು ಪೆನ್ನು ಇದ್ದರೆ ಸಾಕು. ಇವುಗಳಲ್ಲಿ ತಕ್ಕಡಿಯೊಂದನ್ನು ಬಿಡಲೇಬಾರದು. ಕಣ್ಣಳತೆಯಲ್ಲಿ ಕತ್ತರಿಸಿದ ಚೀಸ್ ಅಂದುಕೊಂಡದ್ದಕ್ಕಿಂತ ಸದಾ ಹೆಚ್ಚೇ ಇರುತ್ತದೆ.

ಮೆಟ್ಟುಕತ್ತಿಯಲ್ಲಿ ಚೀಸ್ ಕೊಯ್ಯಲು ಹೊರಡಬೇಡಿ. ಮೀನು, ನೀರುಳ್ಳಿ, ಹಲಸು ಕೊಯ್ದ ಅಲಗಿನ ವಾಸನೆಯನ್ನು ಚೀಸಿನ ಕೊಬ್ಬು ಕ್ಷಣದಲ್ಲಿ ಹೀರಿಕೊಳ್ಳುತ್ತದೆ, ಆಮೇಲೆ ಎಷ್ಟು ದುಬಾರಿಯದಾದರೂ ಅದರ ಸ್ವಂತ ಪರಿಮಳ ಮರಳಿ ಬರುವುದಿಲ್ಲ.

ಹಂತ 1: ಚೀಸನ್ನು ಆರಿಸುವ ಮೊದಲು ಬಳಕೆಯನ್ನು ನಿರ್ಧರಿಸಿ

ಅಂಗಡಿಯ ತಂಪು ಕಪಾಟಿನ ಮುಂದೆ ನಿಂತು ಯೋಚಿಸಲು ಶುರುಮಾಡಿದವರು ಮೂರು ಬಗೆ ಕೊಳ್ಳುತ್ತಾರೆ. ಇದೇ ಮೊದಲ ತಪ್ಪು, ಮುಂದಿನ ಬಹುತೇಕ ನಷ್ಟಗಳಿಗೆ ಮೂಲವೂ ಇದೇ. ನಾಲ್ಕು ಜನರ ಮನೆಗೆ ಒಂದು ಬಾರಿಗೆ ಒಂದೇ ಬಗೆ ಸಾಕು. ಅದು ಮುಗಿದ ಮೇಲಷ್ಟೇ ಇನ್ನೊಂದು.

ಬರಿದೇ ಸವಿಯುವುದಾದರೆ ತಲೆಗೆ 25 ಗ್ರಾಂ ಎಂದು ಹಿಡಿಯಿರಿ, ನಾಲ್ವರಿಗೆ 100 ಗ್ರಾಂ ಆಯಿತು. ಅಡುಗೆಯ ಮೇಲೆ ತುರಿದು ಉದುರಿಸುವುದಾದರೆ ಗಟ್ಟಿ ಚೀಸ್ ತಟ್ಟೆಯೊಂದಕ್ಕೆ ಏಳೆಂಟು ಗ್ರಾಂ ಸಾಕು. ಈ ಎರಡು ಅಳತೆಗಳು ಮನಸ್ಸಿನಲ್ಲಿದ್ದರೆ ಬೆಲೆಪಟ್ಟಿ ಬೇರೆಯೇ ರೀತಿ ಕಾಣುತ್ತದೆ. ಲೆಕ್ಕಕ್ಕೆಂದು, 150 ಗ್ರಾಮಿನ ಗಟ್ಟಿ ಚೀಸಿಗೆ 600 ರೂಪಾಯಿ, 125 ಗ್ರಾಮಿನ ಮೆದು ಚೀಸಿಗೆ 400 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮೊದಲನೆಯದು ತುರಿದು ಬಳಸಿದರೆ ಇಪ್ಪತ್ತು ತಟ್ಟೆಗಳಿಗೆ ಬರುತ್ತದೆ, ಅಂದರೆ ತಟ್ಟೆಗೆ 30 ರೂಪಾಯಿ. ಎರಡನೆಯದನ್ನು ನಾಲ್ವರು ಒಂದು ಸಂಜೆ ತಿಂದು ಮುಗಿಸಿದರೆ ತಲೆಗೆ 100 ರೂಪಾಯಿ. ಬೆಲೆಚೀಟಿಯಲ್ಲಿ ಅಗ್ಗವೆಂದು ಕಂಡದ್ದು ತಟ್ಟೆಯಲ್ಲಿ ದುಬಾರಿಯಾಗುವುದು ಹೀಗೆ.

ಆದ್ದರಿಂದ ಹೊರಡುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: ಯಾರಿಗೆ, ಯಾವ ದಿನ, ಎಷ್ಟು ಗ್ರಾಂ, ಉಳಿದದ್ದು ಯಾವ ಅಡುಗೆಗೆ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅಷ್ಟು ದೊಡ್ಡ ತುಂಡು ಕೊಳ್ಳಬೇಡಿ.

ಹಂತ 2: ನಮ್ಮ ಹವೆಗೂ ಜೇಬಿಗೂ ಹೊಂದುವ ಬಗೆಯನ್ನು ಆರಿಸಿ

ಚೀಸಿನ ಬಾಳಿಕೆಯನ್ನು ತೀರ್ಮಾನಿಸುವುದು ಮುಖ್ಯವಾಗಿ ಅದರೊಳಗಿನ ನೀರಿನ ಅಂಶ. ನೀರು ಕಡಿಮೆಯಿದ್ದಷ್ಟೂ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳಿಗೆ ಅವಕಾಶ ಕಡಿಮೆ. ಈ ದೃಷ್ಟಿಯಿಂದ ಅಂಗಡಿಯಲ್ಲಿ ಕಾಣುವ ಚೀಸುಗಳನ್ನು ಗಟ್ಟಿಯವು, ಅರೆಗಟ್ಟಿಯವು, ಬಿಳಿ ಬೂಷ್ಟಿನ ಹೊದಿಕೆಯ ಮೆದು ಚೀಸುಗಳು, ನೀಲಿ ಗೆರೆಗಳವು ಮತ್ತು ತಾಜಾ ಚೀಸುಗಳು ಎಂದು ವಿಂಗಡಿಸಿಕೊಳ್ಳಬಹುದು.

ಗಟ್ಟಿಯವು ಎಂದರೆ ಪಾರ್ಮೆಸನ್ ಜಾತಿಯವು. ಇಟಲಿಯ ಮೂಲ ಪಾರ್ಮಿಜಾನೋ ರೆಜ್ಜಾನೋವನ್ನು ಕನಿಷ್ಠ 12 ತಿಂಗಳು ಮಾಗಿಸುತ್ತಾರೆ, ಸುಮಾರು 40 ಕಿಲೋ ತೂಗುವ ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು ಬೇಕಾಗುತ್ತದೆ. ಬೆಲೆ ಏಕೆ ಹಾಗಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ತೆರೆದ ಮೇಲೂ ಫ್ರಿಜ್ಜಿನಲ್ಲಿ ಮೂರು ನಾಲ್ಕು ವಾರ ಇರುವುದರಿಂದ ಮನೆಖರ್ಚಿನ ದೃಷ್ಟಿಯಿಂದ ಇದೇ ಅತ್ಯಂತ ಲಾಭದ ಬಗೆ.

ಅರೆಗಟ್ಟಿಯವು ಎಂದರೆ ಗೌಡಾ, ಚೆಡ್ಡರ್, ಎಮೆಂಟಲ್. ತಿನ್ನಲೂ ಆಗುತ್ತವೆ, ಕರಗಿಸಲೂ ಆಗುತ್ತವೆ. ಮೊದಲ ಬಾರಿ ಕೊಳ್ಳುವವರಿಗೆ ನಾನು ಸೂಚಿಸುವುದು ಮಾಗಿದ ಚೆಡ್ಡರ್ ಅಥವಾ ಗೌಡಾವನ್ನೇ. ಉಳಿದದ್ದನ್ನು ಏನು ಮಾಡುವುದು ಎಂಬ ಚಿಂತೆ ಇವುಗಳ ವಿಷಯದಲ್ಲಿ ಹುಟ್ಟುವುದೇ ಇಲ್ಲ.

ಬ್ರೀ, ಕ್ಯಾಮಂಬೇರ್‌ನಂಥ ಮೆದು ಚೀಸುಗಳನ್ನು ತೆರೆದ ಮೇಲೆ ವಾರದೊಳಗೆ ಮುಗಿಸಬೇಕು. ನೆಂಟರು ಬರುವ ದಿನ ಗೊತ್ತಿದ್ದರೆ ಕೊಳ್ಳಿ, ಇಲ್ಲವಾದರೆ ಬಿಡಿ. ನೀಲಿ ಚೀಸಿನ ರುಚಿ ತೀಕ್ಷ್ಣ, ಮನೆಯಲ್ಲಿ ಒಬ್ಬರಿಗೆ ಮಾತ್ರ ಸೇರುವುದು ಸಾಮಾನ್ಯ. ಐವತ್ತು ಗ್ರಾಮಿಗಿಂತ ಹೆಚ್ಚು ಸಿಗುವುದಾದರೆ ಬೇರೆ ಮನೆಯೊಡನೆ ಹಂಚಿಕೊಳ್ಳುವುದೇ ಲೇಸು. ತಾಜಾ ಮೊಜರೆಲ್ಲಾ, ರಿಕೊಟಾಗಳು ತರುವ ದಾರಿಯಲ್ಲೇ ಅರ್ಧ ಆಯುಷ್ಯ ಕಳೆದುಕೊಳ್ಳುತ್ತವೆ.

ವಿದೇಶದ ಹೆಸರಿಗೇ ಹಣ ಕೊಡಬೇಕಾಗಿಲ್ಲ. ಆಮದಿನ ಚೀಸಿನ ಬೆಲೆಯಲ್ಲಿ ಸುಂಕ ಮತ್ತು ತಂಪು ಸಾಗಾಟದ ಪಾಲು ದೊಡ್ಡದು. ತಮಿಳುನಾಡಿನ ಕೊಡೈಕೆನಾಲ್, ಪುದುಚೇರಿಯ ಪಕ್ಕದ ಆರೋವಿಲ್, ಬಂಗಾಳದ ಕಾಲಿಂಪಾಂಗ್ ಹೀಗೆ ನಮ್ಮಲ್ಲೇ ಚೀಸಿಗೆ ಹೆಸರಾದ ಊರುಗಳಿವೆ. ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವೊಂದರಿಂದ ‘ವಲ್ಲೊಂಬ್ರೋಸಾ’ ಹೆಸರಿನ ಚೀಸುಗಳು ಬರುತ್ತವೆ. ಅಮೂಲ್ ಸಂಸ್ಥೆಯೂ ಗೌಡಾ, ಎಮೆಂಟಲ್‌ಗಳನ್ನು ಮಾಡುತ್ತದೆ. ಮೊದಲ ಕೆಲವು ಖರೀದಿಗಳು ಇವುಗಳಲ್ಲೇ ನಡೆಯಲಿ. ನಾಲಿಗೆ ವ್ಯತ್ಯಾಸ ಗುರುತಿಸತೊಡಗಿದ ಮೇಲೆ ಆಮದಿನದಕ್ಕೆ ಕೈಹಾಕಬಹುದು.

ಹಂತ 3: ಪೊಟ್ಟಣದ ಬರಹವನ್ನು ಪೂರ್ತಿ ಓದಿ

ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಮೊದಲು ಓದಿ. ನೈಸರ್ಗಿಕ ಚೀಸಿನ ಪಟ್ಟಿ ಚಿಕ್ಕದಾಗಿರುತ್ತದೆ: ಹಾಲು, ಉಪ್ಪು, ಹೆಪ್ಪಿನ ಬ್ಯಾಕ್ಟೀರಿಯಾ, ರೆನೆಟ್. ‘ಪ್ರೊಸೆಸ್ಡ್ ಚೀಸ್’ ಎಂದಿದ್ದರೆ ಅದು ಚೀಸನ್ನು ಕರಗಿಸಿ, ಕೊಬ್ಬು ಮತ್ತು ನೀರು ಬೇರ್ಪಡದಂತೆ ಹಿಡಿದಿಡುವ ಎಮಲ್ಸಿಫೈಯರ್ ಲವಣ ಸೇರಿಸಿ, ಮತ್ತೆ ಅಚ್ಚು ಹಾಕಿದ ಪದಾರ್ಥ. ಅದು ಕೆಟ್ಟದ್ದೇನಲ್ಲ, ದಿನಬಳಕೆಗೆ ಚೆನ್ನಾಗಿಯೇ ಇದೆ, ಆದರೆ ವಿಶೇಷ ಚೀಸಿನ ಬೆಲೆ ಅದಕ್ಕೆ ಕೊಡಬಾರದು. ‘ಅನಲಾಗ್’ ಎಂಬ ಮಾತು ಅಥವಾ ಪಟ್ಟಿಯಲ್ಲಿ ಸಸ್ಯಜನ್ಯ ಎಣ್ಣೆ ಕಂಡರೆ ಅಲ್ಲಿಗೇ ಕೈಬಿಡಿ, ಅದರಲ್ಲಿ ಹಾಲಿನ ಕೊಬ್ಬಿನ ಸ್ಥಾನವನ್ನು ಎಣ್ಣೆ ಹಿಡಿದಿರುತ್ತದೆ.

ಸಸ್ಯಾಹಾರಿ ಮನೆಗಳವರು ಗಮನಿಸಬೇಕಾದ ಮುಖ್ಯ ಸಂಗತಿ ರೆನೆಟ್. ಹಾಲನ್ನು ಗಟ್ಟಿಗೊಳಿಸುವ ಈ ಕಿಣ್ವವನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆಯುತ್ತಾರೆ. ಇಟಲಿಯ ಮೂಲ ಪಾರ್ಮಿಜಾನೋಗೆ ಇಂದಿಗೂ ಅದೇ ನಿಯಮ. ಭಾರತದಲ್ಲಿ ತಯಾರಾಗುವ ಹೆಚ್ಚಿನ ಚೀಸುಗಳಿಗೆ ಸೂಕ್ಷ್ಮಾಣುಜನ್ಯ ರೆನೆಟ್ ಬಳಸುತ್ತಾರೆ. ಹಸಿರು ಗುರುತು ಇದೆಯೇ ಎಂದು ನೋಡಿಯೇ ಬುಟ್ಟಿಗೆ ಹಾಕಿ. ವಿದೇಶದಿಂದ ಬಂದ ನೆಂಟರು ತಂದುಕೊಟ್ಟ ಚೀಸಿನ ಮೇಲೆ ಆ ಗುರುತು ಇರುವುದಿಲ್ಲ. ಅದರ ಪದಾರ್ಥಗಳ ಪಟ್ಟಿಯನ್ನೇ ಓದಬೇಕಾಗುತ್ತದೆ.

ಬೆಲೆಯನ್ನು ಹೋಲಿಸುವಾಗ ಪೊಟ್ಟಣದ ಬೆಲೆಯನ್ನಲ್ಲ, 100 ಗ್ರಾಮಿನ ಬೆಲೆಯನ್ನು ಹೋಲಿಸಿ. ತುರಿದು ಮಾರುವ ಚೀಸ್ ಅನುಕೂಲವೆನಿಸಿದರೂ ಅಂಟದಿರಲೆಂದು ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸೇರಿಸಿರುತ್ತಾರೆ, ಬೇಗ ಒಣಗುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ. ಇಡೀ ತುಂಡೇ ಎಂದಿಗೂ ಮೇಲು.

ಅವಧಿ ಮುಗಿಯಲು ಕೆಲವೇ ದಿನವಿದೆಯೆಂದು ಅರ್ಧ ಬೆಲೆಗೆ ಮಾರುವ ಚೀಸನ್ನು ಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಬಗೆಯನ್ನು ಅವಲಂಬಿಸಿದೆ. ಗಟ್ಟಿ ಚೀಸಾದರೆ ಧಾರಾಳವಾಗಿ ಕೊಳ್ಳಿ. ಬ್ರೀ ಆದರೆ ಅದೇ ರಾತ್ರಿ ಅಥವಾ ಮರುದಿನ ತಿನ್ನುವುದಾದರೆ ಮಾತ್ರ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅದು ಚೆನ್ನಾಗಿ ಮಾಗಿ ರುಚಿಯ ತುದಿಯಲ್ಲಿರುತ್ತದೆ. ತಾಜಾ ಚೀಸಾದರೆ ಬೇಡವೇ ಬೇಡ. ಗಾಳಿ ತೆಗೆದ ಪೊಟ್ಟಣ ಉಬ್ಬಿಕೊಂಡಿದ್ದರೆ, ಒಳಗೆ ನೀರು ನಿಂತಿದ್ದರೆ, ಬೆಲೆ ಎಷ್ಟೇ ಇಳಿದಿದ್ದರೂ ಮುಟ್ಟಬೇಡಿ.

ಹಂತ 4: ಮನೆಯವರೆಗಿನ ದಾರಿ

ಮಂಗಳೂರಿನಿಂದ ಕಾಸರಗೋಡು ಪೇಟೆಗೆ ಸುಮಾರು 50 ಕಿಲೋಮೀಟರು. ಬಸ್ಸಿನಲ್ಲಿ ತಲಪಾಡಿ ದಾಟಿ, ಕುಂಬಳೆಯಲ್ಲಿ ಇಳಿದು, ಒಳಊರಿನ ಬಸ್ಸಿಗೆ ಕಾದು ಮನೆ ಸೇರುವಷ್ಟರಲ್ಲಿ ಎರಡು ಮೂರು ಗಂಟೆ ಸುಲಭವಾಗಿ ಕಳೆಯುತ್ತದೆ. ಮೆದು ಚೀಸುಗಳನ್ನು ತಂಪಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. 32 ಡಿಗ್ರಿಗಿಂತ ಹೆಚ್ಚಿನ ಸೆಕೆಯಲ್ಲಿ ಈ ಮಿತಿ ಒಂದೇ ಗಂಟೆ. ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಬಸ್ಸಿನೊಳಗಿನ ಬಿಸಿ ಎಷ್ಟೆಂದು ಹೇಳಬೇಕಾಗಿಲ್ಲ.

ಹಿಂದಿನ ರಾತ್ರಿಯೇ ಎರಡು ಸಣ್ಣ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರ್‌ನಲ್ಲಿಡಿ. ಹೊರಡುವಾಗ ಅವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಒಯ್ಯಿರಿ. ಪೇಟೆಯ ಉಳಿದೆಲ್ಲ ಕೆಲಸ ಮುಗಿದ ಮೇಲೆ, ಬಸ್ಸಿಗೋ ರೈಲಿಗೋ ಹತ್ತುವ ಸ್ವಲ್ಪ ಮೊದಲು, ಚೀಸ್ ಕೊಳ್ಳಿ. ಪೊಟ್ಟಣವನ್ನು ನಾಲ್ಕು ಪದರ ಪತ್ರಿಕೆಯಲ್ಲಿ ಸುತ್ತಿ ಎರಡು ಬಾಟಲಿಗಳ ನಡುವೆ ಇಡಿ. ಮಂಜುಗಡ್ಡೆ ನೇರವಾಗಿ ತಾಗಿದರೆ ಆ ಭಾಗ ಹೆಪ್ಪುಗಟ್ಟಿ ಆಮೇಲೆ ಪುಡಿಪುಡಿಯಾಗುತ್ತದೆ. ಸ್ಕೂಟರಿನ ಆಸನದ ಕೆಳಗಿನ ಪೆಟ್ಟಿಗೆ ಮತ್ತು ಕಾರಿನ ಡಿಕ್ಕಿ ಎರಡೂ ಚೀಸಿಗೆ ಹೇಳಿದ ಜಾಗಗಳಲ್ಲ.

ಪೆರ್ಲ, ಮುಳ್ಳೇರಿಯ, ಆದೂರಿನ ಕಡೆಯವರಿಗೆ ಪುತ್ತೂರು ಹತ್ತಿರವಾಗುತ್ತದೆ. ಅಲ್ಲಿ ಆಯ್ಕೆ ಕಡಿಮೆಯಾದರೂ ದಾರಿಯ ಸಮಯ ಉಳಿಯುವುದರಿಂದ ಚೆಡ್ಡರ್, ಗೌಡಾಗಳಿಗೆ ಅಷ್ಟೇ ಸಾಕು. ಆನ್‌ಲೈನಿನಲ್ಲಿ ತರಿಸುವವರು ಸೋಮವಾರ ಕಳುಹಿಸುವಂತೆ ಕೇಳಿಕೊಳ್ಳಿ. ವಾರದ ಕೊನೆಯಲ್ಲಿ ಹೊರಟ ಪೆಟ್ಟಿಗೆ ಭಾನುವಾರವಿಡೀ ಯಾವುದೋ ಗೋದಾಮಿನಲ್ಲಿ ಬಿದ್ದಿರುತ್ತದೆ. ಬಂದ ಕೂಡಲೇ ತೆರೆದು ಒಳಗಿನ ಜೆಲ್ ಚೀಲ ಇನ್ನೂ ತಂಪಾಗಿದೆಯೇ ಎಂದು ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಚಿತ್ರ ತೆಗೆದು ಆಗಲೇ ದೂರು ಕೊಡಿ.

ಹಂತ 5: ತಂದ ದಿನವೇ ಪಾಲು ಮಾಡಿ, ಸುತ್ತಿಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸಲು ಸಾಧ್ಯವೆನ್ನುವವರು ಇದನ್ನು ಪಾಲಿಸಲಿ. ಚೀಸ್ ಹಾಳಾಗುವುದು ಹೆಚ್ಚಾಗಿ ಪದೇಪದೇ ಹೊರತೆಗೆದು, ಬೆಚ್ಚಗಾಗಿಸಿ, ಒದ್ದೆ ಕೈಯಿಂದ ಮುಟ್ಟಿ, ಮತ್ತೆ ಒಳಗಿಡುವುದರಿಂದ. ಹೊರಗೆ ಬಂದ ತಣ್ಣನೆಯ ತುಂಡಿನ ಮೇಲೆ ನಮ್ಮ ಹವೆಯ ತೇವ ಬೆವರಿನಂತೆ ಕೂರುತ್ತದೆ, ಅದೇ ತೇವದೊಡನೆ ಪ್ಲಾಸ್ಟಿಕ್ ಚೀಲದೊಳಗೆ ಮರಳಿದರೆ ಬೂಷ್ಟಿಗೆ ಬೇಕಾದದ್ದೆಲ್ಲ ಒದಗಿದಂತಾಯಿತು.

ಮೊದಲು ಕೈ ತೊಳೆದು ಪೂರ್ತಿ ಒರಸಿಕೊಳ್ಳಿ, ಕತ್ತಿ ಮತ್ತು ಹಲಗೆಯೂ ಒಣಗಿರಲಿ. ಪೊಟ್ಟಣ ತೆರೆದು ತುಂಡನ್ನು ತೂಗಿ ಮೂರು ಪಾಲು ಮಾಡಿ. ಒಂದು ಪಾಲು ಸವಿಯಲು, ಇನ್ನೊಂದು ಈ ಎರಡು ವಾರದ ಅಡುಗೆಗೆ, ಮೂರನೆಯದು ತುರಿದು ಫ್ರೀಜರ್‌ಗೆ. ಮೆದು ಚೀಸಿಗೆ ಈ ಮೂರನೆಯ ಪಾಲು ಇರುವುದಿಲ್ಲ, ಏಕೆಂದರೆ ಹೆಪ್ಪುಗಟ್ಟಿ ಕರಗಿದ ಬ್ರೀ ನೀರು ಬಿಟ್ಟು ರವೆರವೆಯಾಗುತ್ತದೆ.

ಮೊದಲ ಎರಡು ಪಾಲುಗಳನ್ನು ಬೇರೆಬೇರೆಯಾಗಿ ಬಟರ್ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಚೀಸಿನಿಂದ ಹೊರಡುವ ತೇವಕ್ಕೆ ದಾರಿ ಸಿಗದೆ ಮೇಲ್ಮೈ ಜಿಗುಟಾಗುತ್ತದೆ. ಏನೂ ಸುತ್ತದೆ ಇಟ್ಟರೆ ಫ್ರಿಜ್ಜಿನ ಒಣಗಾಳಿ ಅಂಚುಗಳನ್ನು ಬಿರಿಯಿಸುತ್ತದೆ. ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡುವುದು ಈ ಎರಡರ ನಡುವಿನ ದಾರಿ. ಬಾಳೆಲೆಯಲ್ಲಿ ಸುತ್ತಿದರೆ ಹೇಗೆ ಎಂದು ಕೇಳುವವರಿದ್ದಾರೆ. ಬಡಿಸುವಾಗ ಹಾಸಲು ಅದು ಚೆನ್ನ, ಆದರೆ ಎಲೆಯ ತೇವ ಮತ್ತು ಅದರ ಮೇಲಿನ ಸೂಕ್ಷ್ಮಜೀವಿಗಳು ಚೀಸಿಗೆ ಇಳಿಯುವುದರಿಂದ ಕಾಪಿಡಲು ಆಗದು.

ಡಬ್ಬಿಯ ತಳದಲ್ಲಿ ಒಂದು ಮಡಚಿದ ಟಿಶ್ಯೂ ಕಾಗದ ಹಾಸಿ, ವಾರಕ್ಕೊಮ್ಮೆ ಬದಲಾಯಿಸಿ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ನೋಡಬೇಕಾಗುತ್ತದೆ. ಪ್ರತಿಬಾರಿ ಬಿಚ್ಚಿದಾಗಲೂ ಹೊಸ ಬಟರ್ ಪೇಪರ್ ಬಳಸಿ, ಒಂದು ತುಂಡು ಕಾಗದದ ಬೆಲೆ ಚೀಸಿನ ಬೆಲೆಯ ಮುಂದೆ ಏನೂ ಅಲ್ಲ. ಡಬ್ಬಿಯ ಮೇಲೆ ಹೆಸರು ಮತ್ತು ತೆರೆದ ದಿನಾಂಕ ಬರೆಯಿರಿ.

ಫ್ರಿಜ್ಜಿನಲ್ಲಿ ಚೀಸಿನ ಜಾಗ ತರಕಾರಿಯ ಪೆಟ್ಟಿಗೆ. ಅಲ್ಲಿ ಉಷ್ಣತೆಯ ಏರಿಳಿತ ಕಡಿಮೆ. ಬಾಗಿಲಿನ ಕಪಾಟು ಎಲ್ಲಕ್ಕಿಂತ ಕೆಟ್ಟ ಜಾಗ, ಏಕೆಂದರೆ ಪ್ರತಿ ಬಾರಿ ಬಾಗಿಲು ತೆರೆದಾಗಲೂ ಅದು ಬಿಸಿಗಾಳಿಗೆ ಒಡ್ಡಿಕೊಳ್ಳುತ್ತದೆ. ಹಲಸಿನ ತೊಳೆ, ಹೆಚ್ಚಿಟ್ಟ ನೀರುಳ್ಳಿ, ಮಸಾಲೆ ಹಚ್ಚಿದ ಮೀನು ಇವುಗಳ ಜತೆಯಲ್ಲಿ ಇಡಬೇಡಿ. ನೀಲಿ ಚೀಸಿಗೆ ಪ್ರತ್ಯೇಕ ಡಬ್ಬಿ ಕಡ್ಡಾಯ. ಅದರ ಬೂಷ್ಟು ಪಕ್ಕದ ಚೀಸಿಗೆ ಹಾರಿ ಕೂರುತ್ತದೆ.

ಮೂರನೆಯ ಪಾಲನ್ನು ತುರಿದು, ತಟ್ಟೆಯಲ್ಲಿ ತೆಳ್ಳಗೆ ಹರಡಿ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಬಿಡಿಬಿಡಿಯಾದ ಮೇಲೆ ಗಾಳಿ ತೆಗೆದ ಚೀಲಕ್ಕೆ ತುಂಬಿ. ನೇರವಾಗಿ ಚೀಲಕ್ಕೆ ತುಂಬಿದರೆ ಕಲ್ಲಿನ ಮುದ್ದೆಯಾಗಿ, ಪ್ರತಿ ಬಾರಿಯೂ ಇಡೀ ಚೀಲವನ್ನು ಕರಗಿಸಬೇಕಾಗುತ್ತದೆ. ಹೀಗಿಟ್ಟ ತುರಿ ಆರು ತಿಂಗಳವರೆಗೆ ಅಡುಗೆಗೆ ಬರುತ್ತದೆ. ಬರಿದೇ ತಿನ್ನಲು ಮಾತ್ರ ಅದು ಸಲ್ಲದು.

ಕರೆಂಟು ಹೋದಾಗ

ಜೂನ್, ಜುಲೈ ತಿಂಗಳಲ್ಲಿ ಅಡಿಕೆ ಮರವೋ ತೆಂಗಿನ ಮಡಲೋ ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವುದು ನಮ್ಮ ಕಡೆ ಹೊಸತಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಫ್ರಿಜ್ಜಿನ ಆ ನಾಲ್ಕು ಗಂಟೆ ಮೀರಿದರೆ ಅದರಲ್ಲಿರುವ ಮೆದು ಮತ್ತು ತಾಜಾ ಚೀಸುಗಳನ್ನು ಎಸೆಯಬೇಕು. ಗಟ್ಟಿ ಚೀಸಿಗೆ ಏನೂ ಆಗುವುದಿಲ್ಲ, ಮೇಲಿನ ಎಣ್ಣೆಯ ಪಸೆಯನ್ನು ಒರಸಿ ಹೊಸ ಕಾಗದದಲ್ಲಿ ಸುತ್ತಿದರಾಯಿತು. ಮಳೆಗಾಲದಲ್ಲಿ ಗಟ್ಟಿಯದನ್ನೇ ಕೊಳ್ಳಿ ಎಂದು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಹಂತ 6: ತಿನ್ನುವ ಮೊದಲು ಚಳಿ ಬಿಡಲಿ

ಫ್ರಿಜ್ಜಿನಿಂದ ನೇರವಾಗಿ ಬಾಯಿಗೆ ಹೋದ ಚೀಸಿಗೆ ಉಪ್ಪಿನ ಹೊರತು ಬೇರೆ ರುಚಿ ಇರುವುದಿಲ್ಲ. ಕೊಬ್ಬು ಗಟ್ಟಿಯಾಗಿರುವಾಗ ಪರಿಮಳ ಹೊರಬರುವುದಿಲ್ಲ. ತಂಪು ದೇಶಗಳವರು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಹೊರಗಿಡಬೇಕೆಂದು ಬರೆಯುತ್ತಾರೆ. ಅದನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಬೆಣ್ಣೆಯಂತೆ ಬೆವತು ಕುಳಿತ ಚೀಸ್ ಸಿಗುತ್ತದೆ. ನಮ್ಮ ಸೆಕೆಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಆ ದಿನಕ್ಕೆ ಬೇಕಾದಷ್ಟನ್ನೇ ತೂಗಿ ಹೊರತೆಗೆದು, ಇರುವೆ ನೊಣ ಬಾರದಂತೆ ಬೋಗುಣಿ ಕವುಚಿಡಿ.

ದಪ್ಪ ತುಂಡಿಗಿಂತ ತೆಳು ಹೋಳು ಹೆಚ್ಚು ರುಚಿ ಕೊಡುತ್ತದೆ, ಖರ್ಚೂ ಕಡಿಮೆ. ಒಂದಕ್ಕಿಂತ ಹೆಚ್ಚು ಬಗೆಯಿದ್ದರೆ ಸೌಮ್ಯವಾದದ್ದು ಮೊದಲು, ತೀಕ್ಷ್ಣವಾದದ್ದು ಕೊನೆಗೆ.

ಜತೆಗೆ ಏನಿಡಬೇಕೆಂಬುದರಲ್ಲಿ ಹಣ ಉಳಿಸುವ ಅವಕಾಶ ದೊಡ್ಡದಿದೆ. ಆಮದಿನ ಅಂಜೂರದ ಜಾಮು, ಡಬ್ಬಿಯ ಕ್ರ್ಯಾಕರ್ ಬಿಸ್ಕತ್ತುಗಳಿಗೆ ಹಣ ಸುರಿಯುವ ಬದಲು ಮನೆಯಲ್ಲಿರುವುದನ್ನು ನೋಡಿ. ಉಪ್ಪಿಲ್ಲದೆ ಹುರಿದ ಗೇರುಬೀಜ ಗೌಡಾಕ್ಕೆ ಹೇಳಿಮಾಡಿಸಿದಂತಿದೆ. ಹಲಸಿನ ಹಣ್ಣಿನ ಬೆರಟಿಯ ಒಂದು ಸಣ್ಣ ಚೂರು ಮಾಗಿದ ಚೆಡ್ಡರಿನ ಜತೆ, ಹುಳಿಸಿಹಿಯ ಮಾಂಬಳದ ತೆಳು ಪಟ್ಟಿ ಬ್ರೀ ಜತೆ, ಜೇನು ನೀಲಿ ಚೀಸಿನ ಜತೆ ಚೆನ್ನಾಗಿ ಕೂಡುತ್ತವೆ. ಪೇರಳೆ ಹಣ್ಣು ಎಲ್ಲದಕ್ಕೂ ಸಲ್ಲುತ್ತದೆ. ಹಪ್ಪಳ, ಬಾಳೆಕಾಯಿ ಚಿಪ್ಸು, ಉಪ್ಪಿನಕಾಯಿಗಳನ್ನು ಮಾತ್ರ ಪಕ್ಕಕ್ಕಿಡಿ. ಉಪ್ಪಿನ ಮೇಲೆ ಉಪ್ಪು ಬಿದ್ದು ನಾಲಿಗೆ ಮರಗಟ್ಟುತ್ತದೆ. ಬಡಿಸಲು ಅಡಿಕೆ ಹಾಳೆಯ ತಟ್ಟೆ ಒಳ್ಳೆಯದು, ಬೆವತ ತೇವವನ್ನು ಅದು ಹೀರಿಕೊಳ್ಳುತ್ತದೆ.

ಹಂತ 7: ಅಡುಗೆಯಲ್ಲಿ ಕಡಿಮೆ ಹಾಕಿ, ಕೊನೆಗೆ ಹಾಕಿ

ಬೆಲೆಬಾಳುವ ಚೀಸನ್ನು ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸು ಅರೆದು ಹಾಕಿದ ಮಸಾಲೆಗೆ ಸೇರಿಸುವುದು ವ್ಯರ್ಥ. ಅಲ್ಲಿ ಅದರ ಗುರುತೇ ಸಿಗುವುದಿಲ್ಲ. ಸಪ್ಪೆಯಾದ, ಪಿಷ್ಟವಿರುವ, ಒಳ್ಳೆಮೆಣಸಿನ ಖಾರವಷ್ಟೇ ಇರುವ ಪದಾರ್ಥಗಳು ಅದಕ್ಕೆ ಸೂಕ್ತ. ಬೇಯಿಸಿ ಹಿಚುಕಿದ ಮರಗೆಣಸಿಗೆ ಒಳ್ಳೆಮೆಣಸಿನ ಪುಡಿ ಬೆರೆಸಿ, ಒಲೆಯಿಂದ ಇಳಿಸಿದ ಮೇಲೆ ಎಂಟು ಗ್ರಾಂ ಗಟ್ಟಿ ಚೀಸನ್ನು ಮೇಲೆ ತುರಿದು ನೋಡಿ. ಚೀನಿಕಾಯಿ ಸೂಪು, ಬೇಯಿಸಿದ ಆಲೂಗೆಡ್ಡೆ, ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ ಇವೂ ಹಾಗೆಯೇ. ಉಪ್ಪನ್ನು ಮೊದಲೇ ಹಾಕದೆ, ಚೀಸ್ ಸೇರಿದ ಮೇಲೆ ರುಚಿ ನೋಡಿ ಹಾಕಿ.

ಕರಗಿಸುವ ಅಡುಗೆಗೆ ಗಟ್ಟಿಯದಲ್ಲ, ಅರೆಗಟ್ಟಿ ಚೀಸ್ ಬೇಕು. ಪೂರ್ತಿ ಮಾಗಿದ ಗೌಡಾವನ್ನೇ ಹಾಕುವ ಬದಲು ಒಂದು ಪಾಲು ಅದು, ಮೂರು ಪಾಲು ಸಾಧಾರಣ ಮೊಜರೆಲ್ಲಾ ಸೇರಿಸಿ. ಎಳೆ ಬರುವುದು ಎರಡನೆಯದರಿಂದ, ರುಚಿ ಮೊದಲನೆಯದರಿಂದ. ದೋಸೆಗಾದರೆ ಉದ್ದಿನ ದೋಸೆ ಸರಿ. ನೀರುದೋಸೆ ತೆಳ್ಳಗಾದ್ದರಿಂದ ಬಿಸಿ ಹಿಡಿದಿಡುವುದಿಲ್ಲ, ಕಾವಲಿಯ ಮೇಲಿರುವಾಗಲೇ ಉದುರಿಸಿ ಮಡಚಿದರೆ ಮಾತ್ರ ಕರಗೀತು.

ಸಾಸಿನಲ್ಲಿ ಚೀಸ್ ಒಡೆದು ಎಣ್ಣೆ ಬೇರೆ, ಗಂಟು ಬೇರೆಯಾಗುವುದು ಅತಿ ಸಾಮಾನ್ಯ ದೂರು. ಉರಿ ಹೆಚ್ಚಾದಾಗ ಪ್ರೋಟೀನು ಬಿಗಿದುಕೊಂಡು ಕೊಬ್ಬನ್ನು ಹೊರಹಾಕುತ್ತದೆ. ಹಾಲಿಗೆ ಮೊದಲು ಸ್ವಲ್ಪ ಮೈದಾ ಅಥವಾ ಮೆಕ್ಕೆಜೋಳದ ಹಿಟ್ಟು (ಕಾರ್ನ್‌ಫ್ಲೋರ್) ಬೆರೆಸಿ ಕುದಿಸಿ, ಒಲೆ ಆರಿಸಿ, ಆ ಬಿಸಿಯಲ್ಲೇ ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕಿ ಕಲಕಿದರೆ ಒಡೆಯುವುದಿಲ್ಲ. ಒಮ್ಮೆ ಒಡೆದದ್ದನ್ನು ಮತ್ತೆ ಕುದಿಸಿ ಸರಿಮಾಡಲು ಹೋಗಬೇಡಿ. ಪನೀರ್ ಏಕೆ ಕರಗುವುದಿಲ್ಲ ಎಂದರೆ ಅದು ಹುಳಿಯಿಂದ ಒಡೆದದ್ದು, ಅದರ ರಚನೆಯೇ ಬೇರೆ.

ಗಟ್ಟಿ ಚೀಸಿನ ಹೊರ ಸಿಪ್ಪೆಯನ್ನು ಎಸೆಯಬೇಡಿ. ಮೇಣದ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಇದ್ದರೆ ಅದನ್ನು ಕಿತ್ತು ಬಿಸಾಡಬೇಕು. ಗೌಡಾದ ಮೇಲಿನ ಕೆಂಪು ಅಥವಾ ಹಳದಿ ಪದರ ತಿನ್ನುವಂಥದ್ದಲ್ಲ. ಪಾರ್ಮೆಸನ್ನಿನ ಸ್ವಾಭಾವಿಕ ಸಿಪ್ಪೆಯಾದರೆ ತೊಳೆದು ಫ್ರೀಜರ್‌ನಲ್ಲಿ ಕೂಡಿಡಿ, ತರಕಾರಿ ಸೂಪು ಕುದಿಯುವಾಗ ಒಂದು ಚೂರನ್ನು ತೆರೆದ ಪಾತ್ರೆಗೆ ಹಾಕಿ, ಅರ್ಧ ಗಂಟೆಯ ನಂತರ ತೆಗೆಯಿರಿ. ಕುಕ್ಕರಿನಲ್ಲಿ ಹಾಕಿದರೆ ತಳಕ್ಕಂಟಿ ಹಿಡಿಯುತ್ತದೆ.

ಹಂತ 8: ಎಚ್ಚರಿಕೆಯ ಗುರುತುಗಳನ್ನು ಓದುವುದು

ಗಟ್ಟಿ ಅಥವಾ ಅರೆಗಟ್ಟಿ ಚೀಸಿನ ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಅದರ ಸುತ್ತಲೂ ಮತ್ತು ಆಳಕ್ಕೂ ಎರಡೂವರೆ ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಕತ್ತಿ ಬೂಷ್ಟಿಗೆ ತಾಗದಂತೆ ನೋಡಿಕೊಳ್ಳಿ. ಮೇಲಿಂದ ಕೆರೆದು ತೆಗೆದರೆ ಸಾಲದು. ಮೆದು ಚೀಸಿನಲ್ಲಿ, ತುರಿದದ್ದರಲ್ಲಿ, ತಾಜಾ ಚೀಸಿನಲ್ಲಿ ಅದರದ್ದಲ್ಲದ ಬೂಷ್ಟು ಕಂಡರೆ ಇಡಿಯಾಗಿ ಎಸೆಯಿರಿ, ಅದರ ಎಳೆಗಳು ಕಾಣದಂತೆ ಒಳಗೆಲ್ಲ ಹರಡಿರುತ್ತವೆ.

ಬ್ರೀಯ ಬಿಳಿ ಹೊದಿಕೆ ಬೂಷ್ಟೇ ಆದರೂ ತಿನ್ನಬಹುದಾದದ್ದು, ನೀಲಿ ಚೀಸಿನ ಗೆರೆಗಳೂ ಹಾಗೆಯೇ. ಆದರೆ ಇವುಗಳ ಮೇಲೆ ಗುಲಾಬಿ, ಕಪ್ಪು ಚುಕ್ಕೆ ಅಥವಾ ಲೋಳೆ ಕಂಡರೆ ಕೆಟ್ಟಿದೆ ಎಂದರ್ಥ. ಬ್ರೀಯಿಂದ ಅಮೋನಿಯದ ಘಾಟು ಬಂದರೆ ಬಿಚ್ಚಿ ಹತ್ತು ನಿಮಿಷ ಬಿಡಿ. ಹೋದರೆ ಸರಿ, ಹೋಗದಿದ್ದರೆ ಮಾಗುವುದು ಮಿತಿಮೀರಿದೆ. ಮಾಗಿದ ಗಟ್ಟಿ ಚೀಸಿನೊಳಗೆ ಹಲ್ಲಿಗೆ ಸಿಗುವ ಬಿಳಿ ಹರಳುಗಳು ಮಾತ್ರ ಕೆಟ್ಟದ್ದರ ಗುರುತಲ್ಲ, ಅವು ದೀರ್ಘ ಕಾಲ ಮಾಗುವಾಗ ಹುಟ್ಟುವ, ಟೈರೋಸಿನ್ ಎಂಬ ಅಮೈನೋ ಆಮ್ಲದ ಹರಳುಗಳು. ಅದನ್ನು ಬೂಷ್ಟೆಂದು ತಿಳಿದು ಒಳ್ಳೆಯ ತುಂಡನ್ನು ಎಸೆದವರಿದ್ದಾರೆ.

ಗರ್ಭಿಣಿಯರು, ತೀರಾ ವಯಸ್ಸಾದವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಬ್ರೀ, ಕ್ಯಾಮಂಬೇರ್, ಮೆದು ನೀಲಿ ಚೀಸುಗಳನ್ನು ತಿನ್ನಬಾರದು. ಇಂಥ ಚೀಸುಗಳಲ್ಲಿ ಇರಬಹುದಾದ, ಇವರಿಗೆ ಅಪಾಯಕಾರಿಯಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ರಕ್ತದೊತ್ತಡ ಇರುವವರು ಉಪ್ಪಿನ ಬಗ್ಗೆ ಎಚ್ಚರ ವಹಿಸಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮಾಗಿದ ಗಟ್ಟಿ ಚೀಸ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಅದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಬಹುತೇಕ ಉಳಿದಿರುವುದಿಲ್ಲ.

ಹಂತ 9: ಮುಂದಿನ ಖರೀದಿ ಎರಡು ಮೂರು ಮನೆಗಳದ್ದಾಗಲಿ

ಹೋಟೆಲುಗಳಿಗೆಂದು ಮಾರುವ ಒಂದು ಕಿಲೋ ಗಟ್ಟೆಗಳಲ್ಲಿ ಗ್ರಾಮಿನ ಬೆಲೆ ಸಣ್ಣ ಪೊಟ್ಟಣಕ್ಕಿಂತ ಕಡಿಮೆ ಬೀಳುತ್ತದೆ. ಒಂದೇ ಮನೆಗೆ ಅದು ಹೊರೆ. ಅಕ್ಕಪಕ್ಕದ ಮೂರು ಮನೆ ಸೇರಿದರೆ ಲಾಭ. ಆದರೆ ಪಾಲು ತಂದ ದಿನವೇ, ಒಂದೇ ಕಡೆ, ತಕ್ಕಡಿಯಿಟ್ಟು ಆಗಬೇಕು. ‘ನಾಳೆ ಬಂದು ತೆಗೆದುಕೊಂಡು ಹೋಗುತ್ತೇನೆ’ ಎಂದವರ ಪಾಲೇ ಬೂಷ್ಟು ಹಿಡಿಯುವುದು. ಪ್ರತಿ ಮನೆಯವರೂ ತಮ್ಮ ಡಬ್ಬಿ ಮತ್ತು ಬಟರ್ ಪೇಪರ್ ತರಲಿ.

ಚಕ್ರಾಕಾರದ ಚೀಸಾದರೆ ನಡುವಿನಿಂದ ಅಂಚಿಗೆ ತ್ರಿಕೋನವಾಗಿ ಕತ್ತರಿಸಿ, ಆಗ ಎಲ್ಲರಿಗೂ ಮಾಗಿದ ಅಂಚೂ ಮೆದು ನಡುಭಾಗವೂ ಸಮನಾಗಿ ಸಿಗುತ್ತವೆ. ಇಟ್ಟಿಗೆಯಾಕಾರದ ಗಟ್ಟೆಯಾದರೆ ಅಡ್ಡಲಾಗಿ. ಮೇಣದ ಹೊದಿಕೆಯಿದ್ದರೆ ಅದನ್ನು ತೆಗೆದ ಮೇಲೆ ತೂಗಿ, ಹಣದ ಲೆಕ್ಕವನ್ನು ಆ ತೂಕದ ಮೇಲೆಯೇ ಹಾಕಿ. ಸ್ವಾಭಾವಿಕ ಸಿಪ್ಪೆಯ ತುದಿ ಯಾರ ಪಾಲಿಗೆ ಹೆಚ್ಚು ಬಂದಿದೆಯೋ ಅವರಿಗೆ ಅದರ ತೂಕದ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.